ಕೆಸರುಕೊಳದಿಂದ ನೀಲಿ ಟಬ್ಬಿನವರೆಗೆ: ಜಪಾನಿನ ತಳಿಗಾರರಲ್ಲಿ ಕೋಯಿ ಆರಿಸುವ ಬಗೆ

ಕೋಯಿ ಎಂಬ ಬಣ್ಣದ ಅಲಂಕಾರಿಕ ಗೆಂಡೆಮೀನು ಸಾಕುವವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ದಿನ ಜಪಾನಿಗೆ ಹೋಗಿ, ಮೀನನ್ನು ಬೆಳೆಸಿದವರ ಅಂಗಳದಲ್ಲೇ ನಿಂತು, ತಮಗೆ ಬೇಕಾದದ್ದನ್ನು ತಾವೇ ಆರಿಸಿಕೊಳ್ಳಬೇಕೆಂಬ ಆಸೆ ಇರುತ್ತದೆ. ಈ ಸಭೆಯಲ್ಲಿಯೂ ಅಂಥವರು ಅನೇಕರಿದ್ದೀರಿ. ಹಾಗಾಗಿ ಇಂದಿನ ಮಾತನ್ನು ಆ ಆಯ್ಕೆಯ ಸುತ್ತಲೇ ಇಟ್ಟುಕೊಳ್ಳುತ್ತೇನೆ. ಮೊದಲಿಗೇ ಒಂದು ವಿಷಯ ಹೇಳಿಬಿಡಬೇಕು. ನಾವು ತೊಟ್ಟಿಯ ಪಕ್ಕಕ್ಕೆ ಬಂದು ನಿಲ್ಲುವ ಹೊತ್ತಿಗೆ ಆಯ್ಕೆಯ ಬಹುಪಾಲು ಕೆಲಸ ಮುಗಿದೇ ಹೋಗಿರುತ್ತದೆ. ಅದನ್ನು ತಳಿಗಾರರು ಆ ಮೀನು ಬೆರಳುದ್ದವೂ ಇಲ್ಲದಿದ್ದಾಗಿನಿಂದ ಮಾಡುತ್ತ ಬಂದಿರುತ್ತಾರೆ. ನಮ್ಮ ಪಾಲಿಗೆ ಉಳಿಯುವುದು ಅದರ ಕೊನೆಯ ಸಣ್ಣ ಭಾಗ ಮಾತ್ರ. ಆ ಸಣ್ಣ ಭಾಗವನ್ನು ಸರಿಯಾಗಿ ಮಾಡಬೇಕಾದರೆ ಅದರ ಹಿಂದೆ ಏನೆಲ್ಲ ನಡೆದಿದೆ ಎಂಬುದನ್ನು ಅರಿತಿರಬೇಕು. ಆದ್ದರಿಂದ ಮೀನಿಗಿಂತ ಮೊದಲು ಊರಿನಿಂದ ಆರಂಭಿಸುತ್ತೇನೆ.

ಟೋಕಿಯೋದಿಂದ ಜೋಎತ್ಸು ಶಿಂಕಾನ್‌ಸೆನ್ ರೈಲು ಹತ್ತಿ ವಾಯವ್ಯಕ್ಕೆ ಹೊರಟರೆ ಎರಡು ಗಂಟೆಯೊಳಗೆ ನಗವೋಕಾ ತಲುಪಬಹುದು. ಇದು ನಿಗಾಟಾ ಪ್ರಾಂತ್ಯ. ಅಲ್ಲಿಂದ ಬೆಟ್ಟದ ಕಡೆಗೆ ತಿರುಗಿದರೆ ಒಜಿಯಾ ಪಟ್ಟಣ, ಅದರ ಮೇಲಕ್ಕೆ ಯಮಕೋಶಿ ಎಂಬ ಹಳ್ಳಿಗಳ ಗುಂಪು ಸಿಗುತ್ತದೆ. ಬಣ್ಣದ ಕೋಯಿಯ ತವರು ಇದೇ. ಚಳಿಗಾಲದಲ್ಲಿ ಇಲ್ಲಿ ಆಳೆತ್ತರವನ್ನು ಮೀರಿ ಹಿಮ ಬೀಳುತ್ತದೆ. ಆ ಹಿಮ ಕರಗಿದ ನೀರನ್ನೇ ಬೆಟ್ಟದ ಇಳಿಜಾರಿನ ಕೊಳಗಳಲ್ಲಿ ಹಿಡಿದಿಟ್ಟು, ಕೆಳಗಿನ ಮೆಟ್ಟಿಲು ಗದ್ದೆಗಳಿಗೆ ಹರಿಸಿ ಭತ್ತ ಬೆಳೆಯುವುದು ಅಲ್ಲಿಯ ಹಳೆಯ ಪದ್ಧತಿ. ಹಿಮ ಬಿದ್ದು ದಾರಿ ಮುಚ್ಚಿದ ತಿಂಗಳುಗಳಲ್ಲಿ ಊಟಕ್ಕಿರಲಿ ಎಂದು ಆ ಕೊಳಗಳಲ್ಲಿ ಕಪ್ಪು ಗೆಂಡೆ ಸಾಕುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಆ ಕಪ್ಪು ಮೀನುಗಳ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು, ಬಿಳಿ ಛಾಯೆಯ ಮರಿಗಳು ಕಾಣಿಸಿಕೊಂಡವು. ಯಾರೋ ರೈತರು ಅವನ್ನು ಅಡುಗೆಮನೆಗೆ ಕಳಿಸದೆ ಬೇರೆ ಇಟ್ಟು ಸಾಕಿದರು. ಇಂದು ಜಗತ್ತಿನಾದ್ಯಂತ ಹರಡಿರುವ ಕೋಯಿ ಸಾಕಣೆಗೆಲ್ಲ ಮೂಲ ಅದೇ.

ಅಂದರೆ ಇದು ರೈತರ ಕಸುಬು. ಅರಮನೆಯ ಉದ್ಯಾನಗಳಲ್ಲಿ ಹುಟ್ಟಿದ್ದಲ್ಲ. ಹೊರಗಿನ ಜಪಾನಿಗೆ ಈ ಮೀನುಗಳ ಪರಿಚಯವಾದದ್ದೇ 1914ರಲ್ಲಿ ಟೋಕಿಯೋದಲ್ಲಿ ನಡೆದ ತೈಶೋ ವಸ್ತುಪ್ರದರ್ಶನದಲ್ಲಿ. ನಿಗಾಟಾದ ಹಳ್ಳಿಯವರು ತಮ್ಮ ಮೀನುಗಳನ್ನು ಅಲ್ಲಿಗೆ ಒಯ್ದು ತೋರಿಸಿದರು, ನೋಡಿದವರು ಬೆರಗಾದರು. ಇಂದಿಗೂ ಅಲ್ಲಿಯ ತಳಿಗಾರರಲ್ಲಿ ಅನೇಕರು ಕೃಷಿಯ ಮನೆತನಗಳಿಂದ ಬಂದವರೇ. ಅಜ್ಜ ತೋಡಿದ ಕೊಳದಲ್ಲಿ ಮೊಮ್ಮಗ ಮೀನು ಬೆಳೆಸುತ್ತಾನೆ. ಈ ಭತ್ತ ಮತ್ತು ಮೀನಿನ ಜೋಡಿ ವ್ಯವಸ್ಥೆಗೆ 2017ರಲ್ಲಿ ಜಪಾನ್ ಸರ್ಕಾರ ರಾಷ್ಟ್ರೀಯ ಮಹತ್ವದ ಕೃಷಿ ಪರಂಪರೆ ಎಂಬ ಮಾನ್ಯತೆ ಕೊಟ್ಟಿತು. ನೀವು ಅಲ್ಲಿಗೆ ಹೋದಾಗ ದೊಡ್ಡ ಕಂಪನಿಯೊಂದರ ಮಾರಾಟ ಮಳಿಗೆಗೆ ಬಂದಿದ್ದೇವೆ ಎಂಬ ಭಾವನೆ ಬೇಡ. ಒಂದು ಕುಟುಂಬದ ಹೊಲದ ಬದುವಿಗೆ ಬಂದಿದ್ದೀರಿ. ಮಾತು, ನಡೆ ಎಲ್ಲವೂ ಅದಕ್ಕೆ ತಕ್ಕಂತಿರಬೇಕು.

ಇಲ್ಲಿ ಸ್ವಲ್ಪ ಬದಿಗೆ ಸರಿದು ಒಂದು ಸಂಗತಿ ಹೇಳಲು ಅನುಮತಿ ಕೊಡಿ. 2004ರ ಅಕ್ಟೋಬರ್ 23ರ ಸಂಜೆ ಆ ಪ್ರದೇಶದಲ್ಲಿ 6.8 ತೀವ್ರತೆಯ ಭೂಕಂಪವಾಯಿತು. ಅದು ಸರಿಯಾಗಿ ಕೊಳಗಳಿಂದ ಮೀನು ಮೇಲೆತ್ತುವ ಕಾಲ. ಬೆಟ್ಟಗಳು ಕುಸಿದವು, ರಸ್ತೆಗಳು ಕಡಿದುಹೋದವು, ಕೊಳಗಳ ತಳ ಬಿರಿದು ನೀರು ಇಂಗಿಹೋಯಿತು, ವಿದ್ಯುತ್ ನಿಂತದ್ದರಿಂದ ಒಳತೊಟ್ಟಿಗಳ ಗಾಳಿಯಂತ್ರಗಳೂ ನಿಂತವು. ಯಮಕೋಶಿಯ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹೆಲಿಕಾಪ್ಟರ್‌ಗಳಲ್ಲಿ ನಗವೋಕಾಕ್ಕೆ ಸಾಗಿಸಿ, ಇಡೀ ಊರನ್ನೇ ತೆರವು ಮಾಡಲಾಯಿತು. ಕುಸಿದ ಮಣ್ಣು ಇಮೋ ನದಿಗೆ ಅಡ್ಡಲಾಗಿ ನಿಂತು, ಕೊಗೊಮೊ ಎಂಬ ಕೇರಿ ನೀರಿನಲ್ಲಿ ಮುಳುಗಿತು. ಅಲ್ಲಿಯ ಕೆಲವು ಮನೆಗಳನ್ನು ಹೂಳಿನಲ್ಲಿ ಅರ್ಧ ಹುಗಿದುಹೋದ ಸ್ಥಿತಿಯಲ್ಲಿಯೇ ನೆನಪಿಗಾಗಿ ಉಳಿಸಿಕೊಂಡಿದ್ದಾರೆ. ದಶಕಗಳ ಕಾಲ ಕಾಪಾಡಿಕೊಂಡು ಬಂದಿದ್ದ ತಾಯಿಮೀನುಗಳನ್ನು ಕಳೆದುಕೊಂಡ ಕುಟುಂಬಗಳು ಮರಳಿ ಬಂದು, ಕೊಳಗಳಿಗೆ ಮತ್ತೆ ಜೇಡಿಮಣ್ಣು ಮೆತ್ತಿ, ಮೊದಲಿನಿಂದ ಶುರುಮಾಡಿದವು. ಮೀನು ಕೊಳ್ಳಲು ಹೋಗುವವರು ಅರ್ಧ ದಿನ ಬಿಡುವು ಮಾಡಿಕೊಂಡು ಆ ಕೇರಿಯನ್ನು ನೋಡಿ ಬನ್ನಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆಮೇಲೆ ಬೆಲೆಯ ಬಗ್ಗೆ ಚೌಕಾಸಿ ಮಾಡುವ ಉತ್ಸಾಹ ತಾನಾಗಿಯೇ ಒಂದಿಷ್ಟು ತಗ್ಗುತ್ತದೆ.

ಈಗ ತಳಿಗಾರನ ವರ್ಷ ಹೇಗೆ ಸಾಗುತ್ತದೆ ಎಂದು ನೋಡೋಣ. ಹಿಮ ಕರಗಿ ನೀರು ಬೆಚ್ಚಗಾಗುವ ಮೇ, ಜೂನ್ ತಿಂಗಳಲ್ಲಿ ಮೊಟ್ಟೆ ಇಡಿಸುತ್ತಾರೆ. ಆರಿಸಿದ ಒಂದು ಹೆಣ್ಣನ್ನು ಎರಡು ಮೂರು ಗಂಡುಮೀನುಗಳ ಜೊತೆ ಸಂಜೆ ತೊಟ್ಟಿಗೆ ಬಿಟ್ಟು, ನೀರಿನಲ್ಲಿ ಎಳೆಎಳೆಯಾದ ಕೃತಕ ನಾರಿನ ಕುಚ್ಚುಗಳನ್ನು ತೇಲಿಬಿಡುತ್ತಾರೆ. ಬೆಳಗಾಗುವುದರೊಳಗೆ ಮೊಟ್ಟೆಗಳು ಅದಕ್ಕೆ ಅಂಟಿಕೊಂಡಿರುತ್ತವೆ. ದೊಡ್ಡ ಹೆಣ್ಣುಮೀನೊಂದು ಒಂದೇ ಬಾರಿಗೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಅಷ್ಟರಲ್ಲಿ ಕೆಸರುಕೊಳಗಳನ್ನು ಒಣಗಿಸಿ, ಸುಣ್ಣ ಹಾಕಿ, ಕೋಳಿಗೊಬ್ಬರ ಬೆರೆಸಿ, ನೀರು ತುಂಬಿಸಿರುತ್ತಾರೆ. ಆ ನೀರಿನಲ್ಲಿ ನೀರುಚಿಗಟಗಳು ಹುಲುಸಾಗಿ ಹುಟ್ಟಿಕೊಂಡ ಹೊತ್ತು ನೋಡಿ ಮರಿಗಳನ್ನು ಬಿಡಬೇಕು. ಎರಡು ದಿನ ಮೊದಲಾದರೆ ಮರಿಗೆ ಆಹಾರವಿಲ್ಲ, ನಾಲ್ಕು ದಿನ ತಡವಾದರೆ ಮರಿಯನ್ನೇ ತಿನ್ನುವ ಹುಳುಗಳು ಬೆಳೆದಿರುತ್ತವೆ. ಈ ಲೆಕ್ಕ ತಪ್ಪಿದರೆ ಆ ವರ್ಷದ ಒಂದು ಜೋಡಿಯ ಸಂತಾನವೇ ಕೈಬಿಟ್ಟಂತೆ.

ಆಮೇಲೆ ಶುರುವಾಗುತ್ತದೆ ಮರಿಗಳನ್ನು ಆರಿಸುವ ಕೆಲಸ. ಕಪ್ಪು, ಕೆಂಪು, ಬಿಳಿ ಮೂರೂ ಇರುವ ಶೋವಾ ಜಾತಿಯ ಮರಿಗಳನ್ನು ಹುಟ್ಟಿದ ಕೆಲವೇ ದಿನಗಳಲ್ಲಿ, ಅವು ಸಣ್ಣ ಎಳೆಯಂತಿರುವಾಗಲೇ ನೋಡಿ, ಮೈ ಕಪ್ಪಗಿರುವವನ್ನು ಉಳಿಸಿಕೊಂಡು ಉಳಿದವನ್ನು ತೆಗೆದುಹಾಕುತ್ತಾರೆ. ಬಿಳಿ ಮೈಯ ಮೇಲೆ ಕೆಂಪು ಇರುವ ಕೊಹಾಕು ಮರಿಗಳಿಗೆ ಇನ್ನೂ ಕೆಲವು ವಾರ ಕಾಲಾವಕಾಶ ಸಿಗುತ್ತದೆ. ಬಣ್ಣ ಗುರುತು ಸಿಗುವಷ್ಟಾದಾಗ ಪೂರ್ತಿ ಕೆಂಪಾದವು, ಪೂರ್ತಿ ಬಿಳಿಯಾದವು, ಬಾಯಿ ಸೊಟ್ಟಗಿರುವವು, ಬೆನ್ನು ಬಾಗಿದವು ಹೋಗುತ್ತವೆ. ಹೀಗೆ ಬೇಸಿಗೆಯಿಡೀ ಮೂರು ನಾಲ್ಕು ಸುತ್ತು ನಡೆಯುತ್ತದೆ. ಸಣ್ಣ ಬಿಳಿ ಬಟ್ಟಲುಗಳ ಮುಂದೆ ಮನೆಯವರೆಲ್ಲ ಸಾಲಾಗಿ ಕೂತು, ಚಿಕ್ಕ ಬಲೆಯಲ್ಲಿ ಒಂದೊಂದೇ ಮರಿಯನ್ನು ಎತ್ತಿ ಬೇರ್ಪಡಿಸುವ ಆ ಕೆಲಸದ ವೇಗ ನೋಡಿದರೆ ಅವರು ನೋಡುತ್ತಿದ್ದಾರೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಅವರು ನೋಡುತ್ತಲೇ ಇರುತ್ತಾರೆ. ಮೊಟ್ಟೆಯಿಂದ ಹೊರಬಂದ ಮರಿಗಳಲ್ಲಿ ನೂರಕ್ಕೆ ಒಂದೆರಡು ಮಾತ್ರ ಮೊದಲ ಚಳಿಗಾಲವನ್ನು ಕಾಣುತ್ತವೆ. ಅವುಗಳಲ್ಲಿಯೂ ಮುಂದೆ ಅರಳಬಹುದು ಎಂಬ ನಂಬಿಕೆ ಇರುವ ಬೆರಳೆಣಿಕೆಯ ಮೀನುಗಳನ್ನು ಟಾಟೆಗೋಯ್ ಎಂದು ಬೇರೆ ತೆಗೆದಿಡುತ್ತಾರೆ. ಮೊದಲ ವರ್ಷದ ಮೀನಿಗೆ ಟೊಸಾಯ್, ಎರಡನೆಯ ವರ್ಷದ್ದಕ್ಕೆ ನಿಸಾಯ್, ಮೂರನೆಯದಕ್ಕೆ ಸಾನ್ಸಾಯ್ ಎನ್ನುತ್ತಾರೆ. ಈ ಮೂರು ಪದಗಳನ್ನು ಕಲಿತುಕೊಂಡು ಹೋದರೆ ಅಲ್ಲಿ ಅರ್ಧ ಸಂಭಾಷಣೆ ನಡೆಸಬಹುದು.

ಈ ಹಿನ್ನೆಲೆ ಹೇಳಿದ್ದಕ್ಕೆ ಕಾರಣವಿದೆ. ಮಾರಾಟದ ತೊಟ್ಟಿಯಲ್ಲಿ ನಮಗೆ ತೋರಿಸುವ ಮೀನು ಯಾವ ದರ್ಜೆಯದು, ತಳಿಗಾರ ತನಗಾಗಿ ಇಟ್ಟುಕೊಂಡದ್ದು ಯಾವುದು, ಇದನ್ನು ಅವನು ಏಕೆ ಬಿಟ್ಟುಕೊಡುತ್ತಿದ್ದಾನೆ, ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ನಾವು ಮೀನಿನ ಬೆಲೆಯನ್ನು ಅರ್ಥಮಾಡಿಕೊಳ್ಳಲಾರೆವು. ಅವನು ಬಿಟ್ಟುಕೊಡುತ್ತಿರುವುದರಲ್ಲಿ ಕೆಟ್ಟದ್ದೇನೂ ಇಲ್ಲ. ಕೊಳಗಳ ಜಾಗ ಸೀಮಿತ, ಎಲ್ಲವನ್ನೂ ಅವನು ಇಟ್ಟುಕೊಳ್ಳಲಾರ. ಆದರೆ ಕಾರಣವನ್ನು ಕೇಳುವುದು ನಮ್ಮ ಹಕ್ಕು, ಮತ್ತು ಮರ್ಯಾದೆಯಿಂದ ಕೇಳಿದರೆ ಬಹುಪಾಲು ತಳಿಗಾರರು ನೇರವಾಗಿ ಹೇಳುತ್ತಾರೆ: ಈ ಮೀನಿನ ಕೆಂಪು ಇನ್ನೆರಡು ವರ್ಷ ನಿಂತರೆ ಹೆಚ್ಚು, ಅಥವಾ ಇದು ಗಂಡು, ಇನ್ನು ಹೆಚ್ಚು ಉದ್ದ ಬೆಳೆಯುವುದಿಲ್ಲ, ಅಥವಾ ಇದರ ಅಕ್ಕತಂಗಿಯರು ಇದಕ್ಕಿಂತ ಚೆನ್ನಾಗಿವೆ ಎಂದು. ಇಂಥ ಒಂದು ವಾಕ್ಯ ನಮ್ಮ ಒಂದು ಗಂಟೆಯ ದಿಟ್ಟಿಸುವಿಕೆಗಿಂತ ಹೆಚ್ಚಿನದನ್ನು ತಿಳಿಸುತ್ತದೆ.

ಯಾವಾಗ ಹೋಗಬೇಕು ಎಂದು ಅನೇಕರು ಕೇಳುತ್ತಾರೆ. ಏನು ಕೊಳ್ಳಬೇಕೆಂದಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. ಎರಡು, ಮೂರು ವರ್ಷದ ಮೀನು ಬೇಕಿದ್ದರೆ ಅಕ್ಟೋಬರ್ ಮತ್ತು ನವೆಂಬರ್ ಮೊದಲ ವಾರ. ಬೇಸಿಗೆಯಲ್ಲಿ ಕೆಸರುಕೊಳದಲ್ಲಿ ಬೆಳೆದ ಮೀನುಗಳನ್ನು ಹಿಮ ಬೀಳುವ ಮುನ್ನ ಮೇಲೆತ್ತಿ ಹಸಿರುಮನೆಗಳ ಕಾಂಕ್ರೀಟ್ ತೊಟ್ಟಿಗಳಿಗೆ ಸೇರಿಸುವ ಕಾಲ ಅದು. ಒಂದು ವರ್ಷದ ಮರಿಗಳು ಬೇಕಿದ್ದರೆ ಚಳಿಗಾಲವಿಡೀ ಬೆಚ್ಚನೆಯ ನೀರಿನಲ್ಲಿ ಬೆಳೆದ ಮೇಲೆ, ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೋಗುವುದು ಒಳ್ಳೆಯದು.

ಸಾಧ್ಯವಾದರೆ ಅಕ್ಟೋಬರಿನಲ್ಲಿ ಒಂದು ಕೊಳದಿಂದ ಮೀನು ಎತ್ತುವುದನ್ನು ಪೂರ್ತಿಯಾಗಿ ನೋಡಿ. ಹಿಂದಿನ ದಿನವೇ ತೂಬು ತೆಗೆದು ನೀರು ಇಳಿಸಿರುತ್ತಾರೆ. ಬೆಳಗಿನ ಚಳಿಯಲ್ಲಿ ಎದೆಮಟ್ಟದ ರಬ್ಬರ್ ಉಡುಪು ತೊಟ್ಟ ಐದಾರು ಮಂದಿ ಕಂದುಬಣ್ಣದ ನೀರಿಗಿಳಿದು, ಉದ್ದನೆಯ ಬಲೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ಎಳೆದು ತರುತ್ತಾರೆ. ಬಲೆ ಚಿಕ್ಕದಾಗುತ್ತ ಬಂದಂತೆ ಕೆಸರಿನ ನಡುವೆ ಅಲ್ಲೊಂದು ಬಿಳಿ ಬೆನ್ನು, ಇಲ್ಲೊಂದು ಕೆಂಪು ಹಣೆ ಮಿಂಚುತ್ತದೆ. ಆಗ ಮಾತು ನಿಲ್ಲುತ್ತದೆ. ಮೇ ತಿಂಗಳಲ್ಲಿ ಬಿಟ್ಟ ಮೀನು ಈಗ ಹೇಗಿದೆ ಎಂಬುದು ತಳಿಗಾರನಿಗೂ ಆ ಕ್ಷಣದವರೆಗೆ ತಿಳಿದಿರುವುದಿಲ್ಲ, ಏಕೆಂದರೆ ಬೇಸಿಗೆಯಿಡೀ ಆ ಮಣ್ಣು ನೀರಿನಲ್ಲಿ ಮೇವು ತಿನ್ನಲು ಬಂದ ಬಾಯಿಗಳನ್ನು ಬಿಟ್ಟರೆ ಅವನಿಗೆ ಏನೂ ಕಂಡಿರುವುದಿಲ್ಲ. ಒಂದೊಂದೇ ಮೀನನ್ನು ತೆರೆದ ತಳದ ಉದ್ದನೆಯ ಬಟ್ಟೆಬಲೆಗೆ ತಲೆ ಮುಂದಾಗಿ ನುಗ್ಗಿಸಿ, ದಡದಲ್ಲಿ ಕಾದಿರುವವರ ಕೈಗೆ ದಾಟಿಸುತ್ತಾರೆ. ಅಲ್ಲಿಂದ ಲಾರಿಯ ಮೇಲಿನ ತೊಟ್ಟಿಗೆ. ಮುಖ್ಯವಾದ ಒಂದೆರಡು ಮೀನುಗಳನ್ನು ಎತ್ತುವಾಗ ತಳಿಗಾರನ ಮುಖವನ್ನು ಗಮನಿಸಿ. ಯಾವ ಮೀನನ್ನು ಕಂಡು ಅವನು ಹತ್ತಿರ ಬಗ್ಗುತ್ತಾನೆ, ಯಾವುದನ್ನು ಒಂದು ನೋಟಕ್ಕೇ ಮುಂದೆ ಕಳಿಸುತ್ತಾನೆ ಎಂಬುದರಲ್ಲಿ ದೊಡ್ಡ ಪಾಠವಿದೆ.

ಈಗ ಟಬ್ಬಿನ ಹತ್ತಿರ ಬರೋಣ. ನೀವು ತೊಟ್ಟಿಯಲ್ಲಿ ಬೆರಳು ತೋರಿಸಿದ ಮೀನನ್ನು ಬಲೆಯಿಂದ ದಡಕ್ಕೆ ಒತ್ತಿ ತಂದು, ದುಂಡನೆಯ ನೀಲಿ ಟಬ್ಬಿನಲ್ಲಿ ಬಿಡುತ್ತಾರೆ. ನೀಲಿ ಬಣ್ಣದ ಹಿನ್ನೆಲೆಯಲ್ಲಿ ಕೆಂಪು ಮತ್ತು ಬಿಳಿ ಎದ್ದು ಕಾಣುತ್ತವೆ, ಇದು ನೆನಪಿರಲಿ. ಹಸಿರುಮನೆಯ ಪ್ಲಾಸ್ಟಿಕ್ ಮಾಡಿನ ಕೆಳಗಿನ ಬೆಳಕೂ ಬಣ್ಣವನ್ನು ಬದಲಿಸುತ್ತದೆ. ಆದ್ದರಿಂದ ಟಬ್ಬನ್ನು ಹೊರಗಿನ ಬೆಳಕಿಗೆ ತರಬಹುದೇ ಎಂದು ಕೇಳಿ. ರೇಷ್ಮೆ ಸೀರೆ ಕೊಳ್ಳುವಾಗ ನಮ್ಮ ಹೆಂಗಸರು ಅಂಗಡಿಯ ದೀಪವನ್ನು ನಂಬದೆ ಬಾಗಿಲಿಗೆ ತಂದು ಬಿಚ್ಚಿ ನೋಡುತ್ತಾರಲ್ಲ, ಅದೇ ಎಚ್ಚರ ಇಲ್ಲಿಯೂ ಬೇಕು.

ನೋಡುವ ಕ್ರಮಕ್ಕೂ ಒಂದು ಶಿಸ್ತಿದೆ. ನಮ್ಮ ಕಣ್ಣು ಮೊದಲು ಓಡುವುದು ಚಿತ್ತಾರದ ಕಡೆಗೆ. ಕೆಂಪಿನ ತೇಪೆಗಳು ಬೆನ್ನಿನ ಮೇಲೆ ಎಷ್ಟು ಮೆಟ್ಟಿಲಾಗಿವೆ, ಹಣೆಯ ಮೇಲೆ ದುಂಡು ಬೊಟ್ಟಿದೆಯೇ ಎಂದು ನೋಡುತ್ತೇವೆ. ತಳಿಗಾರರು ನೋಡುವುದು ಇದಕ್ಕೆ ಪೂರ್ತಿ ತಿರುಗುಮುರುಗಾಗಿ: ಮೊದಲು ದೇಹ, ಆಮೇಲೆ ಚರ್ಮ, ಬಣ್ಣದ ಗುಣ, ಕೊನೆಗೆ ಚಿತ್ತಾರ. ಇದಕ್ಕೆ ಕಾರಣ ಸರಳವಾಗಿದೆ. ಚಿತ್ತಾರ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹೊತ್ತ ದೇಹ ಬೆಳೆಯದಿದ್ದರೆ ಆ ಮೀನು ಚಿಕ್ಕದಾಗಿಯೇ ಉಳಿಯುತ್ತದೆ. ದೇಹ ಮತ್ತು ಚರ್ಮ ಒಳ್ಳೆಯದಾಗಿದ್ದರೆ ಸಾಧಾರಣ ಚಿತ್ತಾರದ ಮೀನೂ ಐದು ವರ್ಷಗಳಲ್ಲಿ ಕೊಳಕ್ಕೆ ಕಳೆ ತರುತ್ತದೆ.

ದೇಹವನ್ನು ಮೇಲಿನಿಂದಲೇ ನೋಡಬೇಕು, ಕೋಯಿ ಇರುವುದೇ ಮೇಲಿನಿಂದ ನೋಡಲು. ಮೂತಿಯಿಂದ ಬಾಲದವರೆಗೆ ಒಂದು ಗೆರೆ ಎಳೆದರೆ ಎರಡೂ ಬದಿ ಸಮನಾಗಿರಬೇಕು. ತಲೆ ಅಗಲವಾಗಿ, ಕೆನ್ನೆ ತುಂಬಿಕೊಂಡಿರಬೇಕು. ಭುಜದಿಂದ ಹಿಂದಕ್ಕೆ ಮೈ ಹಠಾತ್ತನೆ ಕಿರಿದಾಗದೆ ನಿಧಾನವಾಗಿ ಇಳಿಯಬೇಕು. ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡುವುದು ಬಾಲದ ಬುಡವನ್ನು. ಅದು ದಪ್ಪಗಿದ್ದರೆ ಮೀನಿಗೆ ಇನ್ನೂ ಬೆಳೆಯುವ ಶಕ್ತಿ ಇದೆ ಎಂದು ಅನುಭವಿಗಳು ಹೇಳುತ್ತಾರೆ, ಅದು ನಿಜವೆಂಬುದನ್ನು ನಾನೂ ಕಂಡುಕೊಂಡಿದ್ದೇನೆ. ಹೊಟ್ಟೆ ಉಬ್ಬಿದ ಎಳೆಯ ಮೀನನ್ನು ಕಂಡು ಪುಷ್ಟಿಯಾಗಿದೆ ಎಂದುಕೊಳ್ಳಬೇಡಿ. ಆ ವಯಸ್ಸಿನಲ್ಲಿ ಅದು ಎಲುಬಿನಿಂದ ಬಂದ ಗಾತ್ರವಲ್ಲ, ಮೇವಿನಿಂದ ಬಂದ ಗಾತ್ರ. ಹೆಣ್ಣು ಗಂಡಿಗಿಂತ ದೊಡ್ಡದಾಗಿ, ತುಂಬಿಕೊಂಡು ಬೆಳೆಯುತ್ತದೆ, ಆದ್ದರಿಂದ ಬೆಲೆಯೂ ಹೆಚ್ಚು. ಗಂಡಿನ ಬಣ್ಣ ಬೇಗ ಮಾಗುತ್ತದೆ. ಮನೆಯ ಸಣ್ಣ ಕೊಳಕ್ಕೆ ನೋಡಲು ಚೆಂದದ ಮೀನು ಬೇಕು, ಪ್ರದರ್ಶನದ ಹಂಬಲವಿಲ್ಲ ಎನ್ನುವವರು ಒಳ್ಳೆಯ ಗಂಡುಮೀನನ್ನು ಧೈರ್ಯವಾಗಿ ಆರಿಸಬಹುದು. ಅದೇ ದುಡ್ಡಿಗೆ ಗುಣದಲ್ಲಿ ಒಂದು ಮೆಟ್ಟಿಲು ಮೇಲಿನದು ಸಿಗುತ್ತದೆ.

ಚರ್ಮದ ಬಗ್ಗೆ ಹೇಳುವಾಗ ಎರಡು ವರ್ಷದ ಒಂದು ಕೊಹಾಕುವನ್ನು ಕಣ್ಣಮುಂದೆ ತಂದುಕೊಳ್ಳಿ. ಅದರ ಬಿಳಿ ಸುಣ್ಣ ಬಳಿದಂತೆ ಮಂಕಾಗಿರಬಾರದು, ಹಳದಿ ತಿರುಗಿರಬಾರದು. ಒಳಗಿನಿಂದ ಹೊಳಪು ಬರುತ್ತಿರಬೇಕು. ಕೆಂಪಿನ ತೇಪೆಯ ಹಿಂದಿನ ಅಂಚನ್ನು, ಅಂದರೆ ಬಾಲದ ಕಡೆಯ ಅಂಚನ್ನು ನೋಡಿ. ಅದನ್ನು ಕಿವಾ ಎನ್ನುತ್ತಾರೆ, ಅದು ಕತ್ತರಿಸಿದಷ್ಟು ಸ್ಪಷ್ಟವಾಗಿರಬೇಕು. ತಲೆಯ ಕಡೆಯ ಅಂಚಿನಲ್ಲಿ ಹಾಗಿರುವುದಿಲ್ಲ. ಅಲ್ಲಿ ಬಿಳಿಯ ಹುರುಪೆಯ ಕೆಳಗೆ ಕೆಂಪು ಹುರುಪೆ ಸಿಕ್ಕಿಕೊಂಡಿರುವುದರಿಂದ ಒಂದು ಸಾಲಿನಷ್ಟು ಅಗಲ ಮಸುಕಾದ ನಸುಗೆಂಪು ಕಾಣುತ್ತದೆ. ಇದು ಸಾಶಿ. ಎಳೆಯ ಮೀನಿನಲ್ಲಿ ಸಾಶಿ ಮಸುಕಾಗಿದ್ದರೆ ದೋಷವಲ್ಲ, ಬಣ್ಣ ದಪ್ಪವಾಗುತ್ತ ಬಂದಂತೆ ಅದು ಮುಚ್ಚಿಕೊಳ್ಳುತ್ತದೆ. ಇನ್ನು ಕೆಂಪಿನ ನಡುಭಾಗ. ಅಲ್ಲಿ ಹುರುಪೆಗಳು ಒಂದೊಂದಾಗಿ ಎಣಿಸುವಷ್ಟು ಬಿಡಿಬಿಡಿಯಾಗಿ ಕಂಡರೆ ಬಣ್ಣ ತೆಳುವಾಗಿದೆ ಎಂದರ್ಥ. ಭುಜದಿಂದ ಬಾಲದವರೆಗೆ ಒಂದೇ ಸಮನಾದ, ಮೆತ್ತನೆಯ ಕಿತ್ತಳೆ ಛಾಯೆಯ ಕೆಂಪು ಎಳೆಯ ಮೀನಿಗೆ ಒಳ್ಳೆಯ ಲಕ್ಷಣ. ಒಂದು ವರ್ಷಕ್ಕೇ ರಕ್ತದಂತೆ ಗಾಢವಾಗಿ, ಎಲ್ಲ ಅಂಚುಗಳೂ ಮುಚ್ಚಿಕೊಂಡು, ಆಗಲೇ ಪೂರ್ಣವಾದಂತೆ ಕಾಣುವ ಮೀನು ಟಬ್ಬಿನಲ್ಲಿ ಎಲ್ಲರ ಗಮನ ಸೆಳೆಯುತ್ತದೆ. ಅದರ ಒಳ್ಳೆಯ ಕಾಲ ಅದೇ ಆಗಿರಬಹುದು. ಮುಂದೆ ಅದಕ್ಕೆ ಹೋಗಲು ದಾರಿಯಿಲ್ಲ.

ಕಪ್ಪು ಬಣ್ಣದ ವಿಷಯ ಇದಕ್ಕಿಂತ ಕಷ್ಟ. ಬಿಳಿ ಮೈಯ ಮೇಲೆ ಕೆಂಪು, ಕಪ್ಪು ಇರುವ ಸಾಂಕೆ ಮತ್ತು ಶೋವಾ ಜಾತಿಗಳಲ್ಲಿ ಎಳವೆಯಲ್ಲಿ ಕಪ್ಪು ಚರ್ಮದ ಆಳದಲ್ಲಿ ಬೂದುನೀಲಿಯಾಗಿ ಅಡಗಿರುತ್ತದೆ. ವರ್ಷಗಳು ಕಳೆದಂತೆ ಮೇಲಕ್ಕೆ ಬರುತ್ತದೆ. ಎಲ್ಲಿ, ಎಷ್ಟು ಬರುತ್ತದೆ ಎಂಬುದನ್ನು ನಾವು ಊಹಿಸಲಾರೆವು, ಅದರ ವಂಶವನ್ನು ಬಲ್ಲವನು ಊಹಿಸಬಲ್ಲ. ಇದಕ್ಕಾಗಿಯೇ ತಾಯಿಮೀನನ್ನು ತೋರಿಸಿ ಎಂದು ಕೇಳಿಕೊಳ್ಳಿ. ಕೊಹಾಕುಗಳಲ್ಲಿ ತೊಮೊಇನ್, ಯಾಗೊಝೆನ್, ಸೆನ್‌ಸುಕೆ, ಮಾನ್‌ಝೋ ಎಂಬ ವಂಶಾವಳಿಗಳು, ಸಾಂಕೆಗಳಲ್ಲಿ ಸಾದೊಝೋ, ಮತ್ಸುನೊಸುಕೆ ಮೊದಲಾದವು ಹೆಸರಾದವು. ಹೆಸರನ್ನು ಕಂಠಪಾಠ ಮಾಡುವುದರಿಂದ ಪ್ರಯೋಜನವಿಲ್ಲ. ಎದುರಿನ ಮೀನಿನ ತಾಯಿ, ಅದರ ಹಿಂದಿನ ವರ್ಷದ ಅಕ್ಕಂದಿರು ಐದನೆಯ, ಆರನೆಯ ವರ್ಷದಲ್ಲಿ ಹೇಗಾದರು ಎಂಬುದನ್ನು ಕಣ್ಣಾರೆ ನೋಡಿದರೆ ಪ್ರಯೋಜನವಿದೆ. ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವುದಾದರೆ, ಹತ್ತು ಮಂದಿ ತಳಿಗಾರರಲ್ಲಿ ಓಡಾಡಿ ಹತ್ತು ಮೀನು ತರುವುದಕ್ಕಿಂತ, ಒಬ್ಬಿಬ್ಬರನ್ನು ಆರಿಸಿಕೊಂಡು ವರ್ಷ ವರ್ಷವೂ ಅಲ್ಲಿಗೇ ಹೋಗುವುದು ಮೇಲು. ಮೊದಲು ಆರಿಸಬೇಕಾದದ್ದು ತಳಿಗಾರನನ್ನು, ಆಮೇಲೆ ಮೀನನ್ನು.

ಬೆಲೆಯ ವಿಷಯಕ್ಕೆ ಬಂದರೆ, ಹಿರೋಶಿಮಾದ ಸಕಾಯ್ ಫಿಶ್ ಫಾರ್ಮ್‌ನಲ್ಲಿ 2018ರಲ್ಲಿ ಒಂದು ಕೊಹಾಕು 20.3 ಕೋಟಿ ಯೆನ್‌ಗೆ ಹರಾಜಾದ ಸುದ್ದಿಯನ್ನು ನೀವೆಲ್ಲ ಓದಿರುತ್ತೀರಿ. ಅದು ಒಂದು ಮೀಟರ್ ಆಸುಪಾಸಿನ, ಪ್ರದರ್ಶನಗಳಲ್ಲಿ ಗೆದ್ದು ಹೆಸರಾದ ಹೆಣ್ಣುಮೀನು. ನಮ್ಮ ನಿಮ್ಮ ಪ್ರವಾಸಕ್ಕೂ ಆ ಅಂಕಿಗೂ ಸಂಬಂಧವಿಲ್ಲ. ನಮಗೆ ಬೇಕಾದ ತಿಳಿವಳಿಕೆ ಬೇರೆ. ಜಪಾನಿನಲ್ಲಿ ಎಣಿಕೆ ಹತ್ತು ಸಾವಿರದ ಘಟಕದಲ್ಲಿ ನಡೆಯುತ್ತದೆ, ಅದನ್ನು ಮಾನ್ ಎನ್ನುತ್ತಾರೆ. ತಳಿಗಾರ ಮೂರು ಬೆರಳು ತೋರಿಸಿದರೆ ಅದು ಮೂವತ್ತು ಸಾವಿರವೋ ಮೂರು ಲಕ್ಷವೋ ಎಂಬುದನ್ನು ಕಾಗದದ ಮೇಲೆ ಬರೆಸಿಕೊಂಡು ಖಚಿತಪಡಿಸಿಕೊಳ್ಳಿ. ಸಾಮಾನ್ಯವಾಗಿ ಒಬ್ಬ ಏಜೆಂಟರ ಮೂಲಕವೇ ಹೋಗಬೇಕಾಗುತ್ತದೆ, ಅವರು ಭಾಷಾಂತರ ಮಾಡುತ್ತಾರೆ, ಮೀನನ್ನು ಒಂದೆಡೆ ಸೇರಿಸುತ್ತಾರೆ, ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತಾರೆ. ಅವರ ದಲ್ಲಾಳಿ ಮೊತ್ತ ಬೆಲೆಯೊಳಗೆ ಸೇರಿದೆಯೇ, ಹೊರಗಿದೆಯೇ ಎಂಬುದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಏಜೆಂಟರನ್ನು ಬದಿಗಿಟ್ಟು ತಳಿಗಾರನ ಜೊತೆ ನೇರ ವ್ಯವಹಾರ ಕುದುರಿಸಲು ನೋಡುವುದು ಅಲ್ಲಿ ಬಹಳ ಅಸಭ್ಯ ಎನಿಸುತ್ತದೆ. ಅದೇ ರೀತಿ, ಕೇಳದೆ ಬಲೆ ಮುಟ್ಟುವುದು, ನೀರಿಗೆ ಕೈ ಹಾಕುವುದು, ಮೇವು ಎಸೆಯುವುದು ಬೇಡ. ಒಂದು ಫಾರ್ಮ್‌ನಿಂದ ಇನ್ನೊಂದಕ್ಕೆ ಹೋಗುವ ನಮ್ಮ ಒದ್ದೆ ಕೈ, ಒದ್ದೆ ಬೂಟುಗಳೇ ರೋಗ ಒಯ್ಯಬಲ್ಲವು.

ಇನ್ನೊಂದು ಏರ್ಪಾಡಿನ ಬಗ್ಗೆ ಹೇಳಬೇಕು. ಅದರ ಹೆಸರು ಅಝುಕಾರಿ. ಕೊಂಡ ಮೀನನ್ನು ತಕ್ಷಣ ಊರಿಗೆ ತರದೆ, ತಳಿಗಾರನ ಬಳಿಯೇ ಬಿಟ್ಟು, ಮುಂದಿನ ಬೇಸಿಗೆಯಲ್ಲಿ ಅವನ ಕೆಸರುಕೊಳದಲ್ಲಿ ಬೆಳೆಸಿ, ಅಕ್ಟೋಬರಿನಲ್ಲಿ ಮೇಲೆತ್ತಿದಾಗ ಪಡೆಯುವುದು. ಆ ಜೇಡಿಮಣ್ಣು, ಆ ಮೆದು ನೀರು, ಆ ವಿಶಾಲವಾದ ಜಾಗದಲ್ಲಿ ಒಂದು ಬೇಸಿಗೆಗೆ ಮೀನು ಬೆಳೆಯುವಷ್ಟು ನಮ್ಮ ಸಿಮೆಂಟ್ ತೊಟ್ಟಿಗಳಲ್ಲಿ ಬೆಳೆಯುವುದು ಕಷ್ಟ. ಆದರೆ ಆ ಅವಧಿಯಲ್ಲಿ ಮೀನು ಸತ್ತರೆ, ಕೊಕ್ಕರೆ ಹೊತ್ತೊಯ್ದರೆ, ಬಣ್ಣ ಕೆಟ್ಟರೆ ನಷ್ಟ ಸಾಮಾನ್ಯವಾಗಿ ಕೊಂಡವನದೇ. ಸಾಕುವ ಶುಲ್ಕವನ್ನು ಬೇರೆ ಕೊಡಬೇಕೇ ಎಂಬುದು ತಳಿಗಾರನಿಂದ ತಳಿಗಾರನಿಗೆ ಬೇರೆಯಾಗುತ್ತದೆ. ಒಂದು ವರ್ಷ ಕಾಯಬಲ್ಲವರಿಗೆ, ಆ ನಷ್ಟದ ಸಾಧ್ಯತೆಯನ್ನು ಸಮಾಧಾನದಿಂದ ಒಪ್ಪಬಲ್ಲವರಿಗೆ ನಾನು ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಟಾಟೆಗೋಯ್ ದರ್ಜೆಯ ಮೀನನ್ನು ತಳಿಗಾರ ಮಾರಲು ಒಪ್ಪುವುದೂ ಹಲವು ಬಾರಿ ಈ ಷರತ್ತಿನ ಮೇಲೆಯೇ, ಏಕೆಂದರೆ ತಾನು ನಂಬಿದ ಮೀನು ಮುಂದೆ ಏನಾಗುತ್ತದೆ ಎಂಬುದನ್ನು ನೋಡುವ ಆಸೆ ಅವನಿಗೂ ಇರುತ್ತದೆ.

ಮೀನು ಊರಿಗೆ ಬರುವ ವಿಷಯ. ಸಾಗಿಸುವ ಮುನ್ನ ಕೆಲವು ದಿನ ಮೇವು ನಿಲ್ಲಿಸಿ, ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ನೀರು, ಹೆಚ್ಚು ಆಮ್ಲಜನಕ ತುಂಬಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಕಳಿಸುತ್ತಾರೆ. ಭಾರತಕ್ಕೆ ಜೀವಂತ ಅಲಂಕಾರಿಕ ಮೀನು ತರಲು ಕೇಂದ್ರ ಸರ್ಕಾರದ ಪೂರ್ವಾನುಮತಿ, ಜಪಾನಿನ ಅಧಿಕಾರಿಗಳ ಆರೋಗ್ಯ ಪ್ರಮಾಣಪತ್ರ, ಬಂದಿಳಿದ ಮೇಲೆ ಕ್ವಾರಂಟೈನ್ ಕಡ್ಡಾಯ. ಈ ಕಾಗದಗಳು ಕೈಗೆ ಬರುವ ಭರವಸೆ ಇಲ್ಲದೆ ಟಬ್ಬಿನ ಮುಂದೆ ನಿಂತು ದುಡ್ಡು ಎಣಿಸಬೇಡಿ.

ಬೆಂಗಳೂರಿನಲ್ಲಿ ಅನೇಕರು ಕೊಳ ತುಂಬಿಸುವುದು ಕೊಳವೆಬಾವಿಯ ಗಡಸು ನೀರಿನಿಂದ. ಹಿಮದ ನೀರಿನಲ್ಲಿ ಬೆಳೆದ ಮೀನು ಇಲ್ಲಿ ಬದಲಾಗುತ್ತದೆ. ಗಡಸು ನೀರಿನಲ್ಲಿ ಕಪ್ಪು ಬೇಗ ಮೇಲೆ ಬರುತ್ತದೆ ಎಂಬುದು ಸಾಕುವವರ ಸಾಮಾನ್ಯ ಅನುಭವ. ಅಲ್ಲಿ ಚಳಿಗಾಲದಲ್ಲಿ ಮೀನಿಗೆ ಸಿಗುತ್ತಿದ್ದ ತಣ್ಣನೆಯ ವಿಶ್ರಾಂತಿಯೂ ಇಲ್ಲಿ ಸಿಗುವುದಿಲ್ಲ, ವರ್ಷವಿಡೀ ತಿನ್ನುತ್ತ ಬೆಳೆಯುತ್ತದೆ. ಆದ್ದರಿಂದ ನಮ್ಮ ಪರಿಸ್ಥಿತಿಗೆ ಮೆತ್ತನೆಯ ಕೆಂಪಿನ, ಇನ್ನೂ ಮಾಗಬೇಕಾದ ಮೀನನ್ನೇ ಆರಿಸಬೇಕು ಎಂಬ ನನ್ನ ಹಿಂದಿನ ಮಾತಿಗೆ ಇಲ್ಲಿ ಇನ್ನಷ್ಟು ಬಲ ಬರುತ್ತದೆ. ನಿಮ್ಮ ಕೊಳದ ನೀರಿನ ಪರೀಕ್ಷಾ ವರದಿಯನ್ನು ಜೊತೆಗೆ ಒಯ್ದು ತಳಿಗಾರನಿಗೆ ತೋರಿಸಿ. ಆ ಅಂಕಿಗಳನ್ನು ನೋಡಿ ಅವನು ಬೇರೆ ತೊಟ್ಟಿಯ ಕಡೆಗೆ ನಿಮ್ಮನ್ನು ಕರೆದೊಯ್ದರೆ ಆಶ್ಚರ್ಯಪಡಬೇಡಿ.

ಕೊನೆಯದಾಗಿ ರೋಗದ ಬಗ್ಗೆ. ಕೋಯಿ ಹರ್ಪಿಸ್ ವೈರಸ್ ಎಂಬುದು 2003ರ ಶರತ್ಕಾಲದಲ್ಲಿ ಜಪಾನಿನ ಇಬಾರಾಕಿ ಪ್ರಾಂತ್ಯದ ಕಸುಮಿಗೌರಾ ಸರೋವರದಲ್ಲಿ ಸಾಕಿದ್ದ ಗೆಂಡೆಗಳನ್ನು ಭಾರೀ ಪ್ರಮಾಣದಲ್ಲಿ ಕೊಂದಿತು. ಅಂದಿನಿಂದ ಅಲ್ಲಿಯ ರಫ್ತು ತಳಿಗಾರರು ಕಟ್ಟುನಿಟ್ಟಾದ ತಪಾಸಣೆಗೆ ಒಳಪಟ್ಟಿದ್ದಾರೆ. ಆದರೂ ನಮ್ಮ ಎಚ್ಚರ ನಮಗೆ ಬೇಕು. ಈ ವೈರಸ್ ಮೀನಿನ ಮೈಯಲ್ಲಿ ಲಕ್ಷಣ ತೋರದೆ ಅಡಗಿರಬಲ್ಲದು. ನೀರು ಹೆಚ್ಚುಕಡಿಮೆ 16ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದು ಹೊರಬೀಳುತ್ತದೆ, ಕಿವಿರುಗಳು ಕೊಳೆತು ಮೀನು ಸಾಯುತ್ತದೆ. ತಣ್ಣನೆಯ ನೀರಿನಲ್ಲಿ ಆರೋಗ್ಯವಾಗಿ ಕಂಡ ಮೀನು ನಮ್ಮ ಊರಿನ ಬೆಚ್ಚನೆಯ ನೀರಿಗೆ ಬಂದ ಮೇಲೆ ಕಾಯಿಲೆ ಬೀಳುವುದು ಈ ಕಾರಣಕ್ಕೆ. ಹೊಸ ಮೀನನ್ನು ಬೇರೆಯದೇ ತೊಟ್ಟಿ, ಬೇರೆಯದೇ ಬಲೆ, ಬೇರೆಯದೇ ಫಿಲ್ಟರ್ ಇಟ್ಟು, 23ರಿಂದ 25 ಡಿಗ್ರಿಯಲ್ಲಿ ಕೆಲವು ವಾರ ನೋಡಿಕೊಳ್ಳಿ.

ಇದು ನಮ್ಮ ಕೊಳದ ಮೀನುಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ನಮ್ಮ ಕೆರೆಗಳಲ್ಲಿ ಮೀನುಗಾರರ ಸಂಘಗಳು ಬಿಡುವ ಸಾಮಾನ್ಯ ಗೆಂಡೆ ಕೋಯಿಯ ಹತ್ತಿರದ ಬಳಗ, ಈ ವೈರಸ್ ಅದಕ್ಕೂ ತಗಲುತ್ತದೆ. ಕ್ವಾರಂಟೈನ್ ತೊಟ್ಟಿಯಿಂದ ಹೊರಬಿಡುವ ನೀರು ಮಳೆನೀರಿನ ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ಆ ಕೆರೆಯ ಹರಾಜು ಹಿಡಿದ ಕುಟುಂಬಗಳು ವರ್ಷದ ದುಡಿಮೆಯನ್ನು ಅಲ್ಲಿ ಹಾಕಿರುತ್ತವೆ. ಆದ್ದರಿಂದ ಆ ನೀರನ್ನು ಹೊರಬಿಡುವ ಮೊದಲು ಒಂದು ಪ್ರತ್ಯೇಕ ಡ್ರಮ್ಮಿನಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಇಡೀ ದಿನ ನಿಲ್ಲಿಸಿ. ಸತ್ತ ಮೀನಿದ್ದರೆ ಸುಣ್ಣ ಹಾಕಿ ಆಳವಾಗಿ ಹೂಳಿ, ಮತ್ತು ಒಂದಕ್ಕಿಂತ ಹೆಚ್ಚು ಮೀನು ಒಂದೇ ವಾರದಲ್ಲಿ ಕಿವಿರು ಬಿಳಚಿಕೊಂಡು ಸತ್ತರೆ, ಮೀನುಗಾರಿಕೆ ಇಲಾಖೆಗೆ ಅದೇ ದಿನ ತಿಳಿಸಿ.